ಸ್ಯಾಕ್ಸೋಫೋನ್ ಕೀ ಮೇಲಿನ ಲ್ಯಾಕರ್ ಕೈ ಬೆವರಿಗೆ ಏಳ್ತಿದೆ, ಗುಲಾಬಿ ಕಲೆ ಬೇರೆ, ಎಂತ ಮಾಡೋದು?

ತುಂಗಾತೀರ (ತೀರ್ಥಹಳ್ಳಿ ಹತ್ರ)

ಎಲ್ಲರಿಗೂ ನಮಸ್ಕಾರ. ನಂದು ಆಲ್ಟೋ ಸ್ಯಾಕ್ಸ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಎರಡು ವರ್ಷ ಆಯ್ತು, ಮದುವೆ ಸೀಸನ್ನಲ್ಲಿ ವಾದ್ಯದವರ ಜೊತೆ ಹೋಗ್ತೀನಿ, ಉಳಿದ ಟೈಮ್ ತೋಟ. ಎಡಗೈ ಅಂಗೈ ತಾಗೋ ಮೂರು ಕೀ ಮೇಲೆ ಮತ್ತೆ ಬಲಗೈ ಹೆಬ್ಬೆರಳು ಕೂರೋ ಜಾಗದಲ್ಲಿ ಲ್ಯಾಕರ್ (ಹಿತ್ತಾಳೆ ಮೇಲೆ ಹೊಡೆದಿರೋ ತೆಳು ವಾರ್ನಿಶ್ ಥರದ್ದು) ಎದ್ದೋಗಿದೆ, ಅಂಚಲ್ಲಿ ಹಸಿರು ಕಿಲುಬು. ದೇವರ ಪಾತ್ರೆ ತೊಳೆಯೋ ಹಾಗೆ ಹುಣಸೆಹುಳಿ ಹಾಕಿ ಉಜ್ಜು ಅಂದ್ರು ಅಮ್ಮ, ಉಜ್ಜಿದೆ, ಕಿಲುಬು ಹೋಯ್ತು ಆದ್ರೆ ಈಗ ಅಲ್ಲಲ್ಲಿ ಗುಲಾಬಿ ಬಣ್ಣ. ಜೊತೆಯವರ ಸ್ಯಾಕ್ಸ್ ನನ್ನದಕ್ಕಿಂತ ಹಳೇದು, ಏನೂ ಆಗಿಲ್ಲ. ನಿನ್ನ ಮೈ ಉಷ್ಣ, ಬೆವರಲ್ಲಿ ಆಸಿಡ್ ಜಾಸ್ತಿ ಅಂತಾರೆ. ಹೌದಾ? ಹೊಸದಾಗಿ ಲ್ಯಾಕರ್ ಹೊಡೆಸ್ಬೇಕಾ?

ಸಾಗರದ ಊದುವವ

ಮೊದ್ಲು ಆ ಹುಣಸೆಹುಳಿ ನಿಲ್ಸಿ ಮಾರಾಯ್ರೆ, ವಾಟೆಹುಳಿನೂ ಬೇಡ. ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತು, ಹುಳಿ ಬಿದ್ರೆ ಮೇಲ್ಪದರದ ಸತು ಮೊದ್ಲು ಕರಗಿ ತಾಮ್ರ ಉಳ್ಕೊಳ್ಳುತ್ತೆ, ಆ ಗುಲಾಬಿ ಅದೇ. ಚೊಂಬಾದ್ರೆ ದಪ್ಪ ಇರುತ್ತೆ, ನಡೀತದೆ, ಇಲ್ಲಿ ಹುಳಿ ಲ್ಯಾಕರ್ ಅಂಚಿನ ಅಡಿಗೆ ನುಗ್ಗಿ ಇನ್ನಷ್ಟು ಏಳ್ಸುತ್ತೆ. ಒಣ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ತಿಕ್ಕಿ ನೋಡಿ, ಗುಲಾಬಿ ಹೋಗಿ ಹಳದಿ ಬಂದ್ರೆ ಮೇಲ್ಮೇಲಿನದು, ಚಿಂತೆ ಇಲ್ಲ. ಅದೇ ಜಾಗದಲ್ಲಿ ಮತ್ತೆ ಮತ್ತೆ ಚುಕ್ಕಿ ಬರ್ತಾ ಇದ್ರೆ ಲೋಹದೊಳಗೇ ತಿಂತಿದೆ ಅಂತ.

ಉಷ್ಣ-ಗಿಷ್ಣ ಅಲ್ಲ. ಚರ್ಮ ಎಲ್ಲರದ್ದೂ ಹುಳಿಯೇ, ಪಿಎಚ್ ಸುಮಾರು 4.5ರಿಂದ 5.5. ಅಷ್ಟು ಹುಳಿ ಒಂದೇ ಲ್ಯಾಕರನ್ನ ಏಳ್ಸಲ್ಲ, ನಿಜವಾದ ಕಳ್ಳ ಬೆವರಿನ ಉಪ್ಪು. ಎಲ್ಲಾದ್ರೂ ಉಗುರು, ಉಂಗುರ ತಾಗಿ ಸಣ್ಣ ಗೀರು ಬಿದ್ರೆ ಅಲ್ಲಿಂದ ಒಳಗಿಳಿಯುತ್ತೆ. ಬೆವರು ಜಾಸ್ತಿ ಬರೋರಿಗೆ ಬೇಗ ಹೋಗುತ್ತೆ, ನಿಮ್ಮ ಜೊತೆಯವರಿಗೆ ಕಮ್ಮಿ ಇರ್ಬೇಕು, ಇಲ್ಲಾ ಒರೆಸಿಡೋ ಅಭ್ಯಾಸ ಇರ್ಬೇಕು. ಜೊತೆಗೆ ನಮ್ಮೂರ ಜಿಟಿಜಿಟಿ ಮಳೆ, ಕೇಸಿನೊಳಗಿನ ಮಖಮಲ್ಲು ವಾರಗಟ್ಲೆ ಒಣಗದೇ ಇರುತ್ತೆ, ಉಪ್ಪು ಆ ತೇವ ಹಿಡ್ಕೊಂಡೇ ಕೂತಿರುತ್ತೆ. ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಟ್ರೆ ಬೆಚ್ಚಗಿರುತ್ತೆ ಅಂತ ಇಡ್ಬೇಡಿ, ಕೀ ಅಡಿಯಲ್ಲಿ ತೂತು ಮುಚ್ಚೋ ಪ್ಯಾಡಿನ ಚರ್ಮ ಒಣಗಿ ಬಿರಿಯುತ್ತೆ.

ಒಂದು ಕೇಳ್ತೀನಿ, ಅಡಿಕೆ ಕೊಳೆರೋಗದ ಔಷಧಿ ನೀವೇ ಕಲಸ್ತೀರಾ?

ತುಂಗಾತೀರ

ಹೌದು ಅಣ್ಣ, ಆಷಾಢದಲ್ಲಿ ನಾನೇ. 100 ಲೀಟರ್‌ಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸಂಜೆ ಕೈ ತೊಳ್ಕೊಂಡು ಅಭ್ಯಾಸಕ್ಕೆ ಕೂರ್ತೀನಿ.

ಸಾಗರದ ಊದುವವ

ಹಾಗಾದ್ರೆ ಔಷಧಿಗೆ ಕತ್ತಿ ಅದ್ದಿ ನೋಡೋದು ನಿಮಗೆ ಗೊತ್ತಿರುತ್ತೆ, ಸುಣ್ಣ ಸಾಲದೇ ಹೋದ್ರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂರುತ್ತೆ, ಅಷ್ಟು ಕಬ್ಬಿಣ ಕರಗಿತು ಅಂತ ಅರ್ಥ. ಸ್ಯಾಕ್ಸಲ್ಲಿ ಕೀ ಎಳೆಯೋ ಸೂಜಿ ಸ್ಪ್ರಿಂಗು, ರಾಡು ಎಲ್ಲ ಸ್ಟೀಲು. ಮೈಲುತುತ್ತ ಉಗುರುಸಂದಿಯಲ್ಲಿ ಉಳಿಯುತ್ತೆ, ಸೋಪಲ್ಲಿ ಎರಡು ಸಲ ಬ್ರಷ್ ಹಾಕಿ ತೊಳೀರಿ, ಪೂರ್ತಿ ಒರೆಸ್ಕೊಂಡು ಆಮೇಲೆ ಮುಟ್ಟಿ.

ಲ್ಯಾಕರ್ ಹೋದ್ರೆ ಸ್ವರ ಹೋಗಲ್ಲ, ನಾನಾದ್ರೆ ಹೊಸದಾಗಿ ಹೊಡೆಸಲ್ಲ, ಹಳೇದು ಕಿತ್ತು ಬಫ್ ಮಾಡೋವಾಗ ಹಿತ್ತಾಳೆನೇ ಸವೆಯುತ್ತೆ. ಆದ್ರೆ ಧಾರೆ ಹೊತ್ತಲ್ಲಿ ಸ್ಪ್ರಿಂಗ್ ತುಂಡಾದ್ರೆ ಕೀ ಅಲ್ಲೇ ನಿಂತೋಗುತ್ತೆ. ನುಡಿಸಿದ ಮೇಲೆ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಮೊದ್ಲು ಒರೆಸಿ, ಉಪ್ಪು ನೀರಿಗೆ ಕರಗುತ್ತೆ, ಒಣಬಟ್ಟೆ ಅದನ್ನ ಹರಡುತ್ತೆ ಅಷ್ಟೇ. ಆಮೇಲೆ ಒಣ ಪಂಚೆ ತುಂಡು. ಪ್ಯಾಡಿಗೆ ಮಾತ್ರ ನೀರು ತಾಗ್ಬಾರ್ದು. ಬರಿ ಹಿತ್ತಾಳೆ ಕಾಣೋ ಜಾಗಕ್ಕೆ ಕಾರ್ನೌಬಾ ವ್ಯಾಕ್ಸ್ (ಒಂದು ಥರ ಗಿಡದ ಮೇಣ) ತೆಳ್ಳಗೆ. ಸ್ಪ್ರಿಂಗಿಗೆ ಸೂಜಿ ತುದಿಯಲ್ಲಿ ಕೀ ಆಯಿಲ್ ಒಂದೇ ಹನಿ, ತೆಂಗಿನೆಣ್ಣೆ ಹಾಕ್ಬೇಡಿ, 24 ಡಿಗ್ರಿ ಕೆಳಗೆ ಗಟ್ಟಿ ಆಗುತ್ತೆ, ಮಾರ್ಗಶಿರದ ಬೆಳಗಿನ ಮುಹೂರ್ತಕ್ಕೆ ಕೀ ಏಳೋದೇ ಇಲ್ಲ.

ತುಂಗಾತೀರ

ಅಣ್ಣ, ಟಾರ್ಚ್ ಹಾಕಿ ನೋಡಿದೆ. ಗುಲಾಬಿ ಬಟ್ಟೆಗೆ ಹೋಯ್ತು, ಸಮಾಧಾನ. ಆದ್ರೆ ಬಲಗೈ ಕಡೆ ಎರಡು ಸ್ಪ್ರಿಂಗ್ ಬುಡದಲ್ಲಿ ತುಕ್ಕು, ಉಳಿದದ್ದೆಲ್ಲ ನೀಲಿ ಇದೆ, ಇವೆರಡು ಕಂದು. ಕಟಿಂಗ್ ಪ್ಲೇಯರಲ್ಲಿ ಎಳೆದು ಬದಲಾಯಿಸ್ಲಾ?

ಸಾಗರದ ಊದುವವ

ಎಳೀಬೇಡಿ! ಬುಡ ಚಪ್ಪಟೆ ಮಾಡಿ, ರಾಡು ಹಿಡ್ಕೊಳ್ಳೋ ಪುಟ್ಟ ಕಂಬದ ತೂತಿಗೆ ಬಿಗಿಯಾಗಿ ತುರುಕಿರ್ತಾರೆ, ಅಡ್ಡ ಎಳೆದ್ರೆ ಕಂಬನೇ ವಾಲುತ್ತೆ. ರಿಪೇರಿಯವರ ಹತ್ರ ಆ ಎರಡನ್ನ ಸೀಸನ್ ಮುಂಚೆನೇ ಹಾಕಿಸ್ಕೊಳ್ಳಿ, ಅಲ್ಲಿವರೆಗೆ ದಿನಾ ಒಂದು ಸಲ ಬೆಳಕಲ್ಲಿ ನೋಡ್ತಾ ಇರಿ.