ಮಳೆ ಬರುವವರೆಗೆ ಹೇಗೋ ತಳ್ಳಿಬಿಡಲಾ? ಬೇಸಿಗೆಯ ಖಿನ್ನತೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ, ರಾಯಚೂರು ಜಿಲ್ಲೆ):
ನಮಸ್ಕಾರ ಡಾಕ್ಟ್ರೇ. ನಾನು ಹೈಸ್ಕೂಲ್ ಟೀಚರ್, ವಯಸ್ಸು 38. ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಬರುವಷ್ಟರಲ್ಲಿ ನನಗೆ ಏನೋ ಆಗಲು ಶುರುವಾಗುತ್ತದೆ. ಇದು ಮೂರನೇ ವರ್ಷ. ರಾತ್ರಿ ಎರಡಾದರೂ ನಿದ್ದೆ ಇಲ್ಲ. ಊಟ ಕಂಡರೆ ಬೇಡ. ಎದೆಯಲ್ಲಿ ಚಡಪಡಿಕೆ. ಮಕ್ಕಳು ಸ್ವಲ್ಪ ಜೋರಾಗಿ ಮಾತಾಡಿದರೂ ರೇಗುತ್ತೇನೆ, ಆಮೇಲೆ ಬಚ್ಚಲಲ್ಲಿ ನಿಂತು ಅಳುತ್ತೇನೆ. ಹೋದ ಬೇಸಿಗೆಯಲ್ಲಿ ಐದು ಕೆಜಿ ಇಳಿದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ತಾನಾಗಿಯೇ ಸರಿಹೋಯಿತು. "ಬಿಸಿಲು ಎಲ್ಲರಿಗೂ ಇದೆ, ನಿನಗೆ ರಜೆ ಬೇರೆ ಇದೆ" ಅನ್ನುತ್ತಾರೆ ನಮ್ಮ ಮನೆಯವರು. ಇಂಥ ಖಿನ್ನತೆಗೆ ಬಿಸಿಲಿಗೆ ಕೂರಬೇಕು ಅಂತ ಮೊಬೈಲ್‌ನಲ್ಲಿ ಓದಿ ಒಂದು ವಾರ ಕೂತೆ. ಜಾಸ್ತಿಯೇ ಆಯಿತು. ಎಲ್ಲಾ ಸಾಕಾಗಿದೆ. ಮಳೆಗಾಲದವರೆಗೆ ಹೇಗೋ ತಳ್ಳಿಬಿಡಲಾ?

ಉತ್ತರ (ಮನೋವೈದ್ಯೆ):
ಟೀಚರ್, ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. "ಎಲ್ಲಾ ಸಾಕಾಗಿದೆ" ಅಂದಿರಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ? ನೇರವಾಗಿ ಕೇಳುತ್ತಿದ್ದೇನೆ ಅಂತ ಬೇಜಾರಾಗಬೇಡಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಕೇಳದಿದ್ದರೆ ಹೇಳಿಕೊಳ್ಳಲು ಜಾಗವೇ ಸಿಗುವುದಿಲ್ಲ. ಇಲ್ಲಿ ಬರೆಯಲು ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೀವು ಓದಿದ ಸಲಹೆ ಸುಳ್ಳಲ್ಲ, ಆದರೆ ಅದು ನಿಮ್ಮಂಥವರಿಗೆ ಬರೆದದ್ದಲ್ಲ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಯವರು ವಿವರಿಸಿದ್ದು ಮುಖ್ಯವಾಗಿ ಚಳಿಗಾಲದ ಖಿನ್ನತೆ. ಅಲ್ಲಿ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು. ಆ ಜನಕ್ಕೆ ನಿದ್ದೆ ಜಾಸ್ತಿ, ಹಸಿವು ಜಾಸ್ತಿ, ತೂಕ ಏರುತ್ತದೆ. ಅವರಿಗೆ ಬೆಳಕೇ ಔಷಧ. 1987ರಲ್ಲಿ ಅದೇ ತಂಡದ ಥಾಮಸ್ ವೆಹರ್ ಬೇಸಿಗೆಯಲ್ಲಿ ಕುಸಿಯುವವರ ಬಗ್ಗೆ ಬರೆದರು. ಇವರದು ಪೂರ್ತಿ ಉಲ್ಟಾ. ನಿದ್ದೆ ಹೋಗುತ್ತದೆ, ಹಸಿವು ಹೋಗುತ್ತದೆ, ತೂಕ ಇಳಿಯುತ್ತದೆ, ಚಡಪಡಿಕೆ, ಸಿಟ್ಟು. ನೀವು ಬರೆದದ್ದೇ ಅಲ್ವಾ? ಇದು ಸೋಮಾರಿತನವೂ ಅಲ್ಲ, ರಜೆಯ ಬೇಜಾರೂ ಅಲ್ಲ. ಈ ಮಾತನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ಆದರೂ ಬರೆದದ್ದನ್ನಷ್ಟೇ ಓದಿ ಕಾಯಿಲೆಗೆ ಹೆಸರಿಟ್ಟು ಬಿಡುವಂಥದ್ದಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಸೆಕೆ ತಡೆಯದು, ತೂಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಟಿ.ಎಸ್.ಎಚ್. ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಹಿಂದೆ ಯಾವಾಗಾದರೂ ನಿದ್ದೆಯಿಲ್ಲದೆಯೂ ದಣಿವಿಲ್ಲದೆ, ವಿಪರೀತ ಉತ್ಸಾಹದಲ್ಲಿ ದಿನಗಟ್ಟಲೆ ಇದ್ದಿರಾ? ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅದು ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇರಬಹುದು, ಆಗ ಕೊಡುವ ಮಾತ್ರೆಯೇ ಬೇರೆ ಆಗುತ್ತದೆ.

ಮನೆಯಲ್ಲಿ ಮೊದಲು ನಿದ್ದೆಯನ್ನು ಹಿಡಿಯಿರಿ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ನಿಮ್ಮ ಊರಲ್ಲಿ ಆರ್‌ಸಿಸಿ ಮನೆ ಹಗಲೆಲ್ಲ ಕಾದು ಮಧ್ಯರಾತ್ರಿವರೆಗೆ ಬಿಸಿ ಉಗುಳುತ್ತದೆ. ಹಾಗಾಗಿ ತಪ್ಪು ನಿಮ್ಮ ಮನಸ್ಸಿನದಷ್ಟೇ ಅಲ್ಲ, ಚಾವಣಿಯದೂ ಹೌದು. ಚಾವಣಿಯ ಮೇಲೆ, ಬಿಸಿಲು ಬೀಳುವ ಕಡೆ, ಸುಣ್ಣ ಬಳಿಸಿ. ಬೆಳಿಗ್ಗೆ ಒಂಬತ್ತಕ್ಕೇ ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದು, ಹೊರಗೆ ತಂಪಾದ ಮೇಲೆ ತೆಗೆಯಿರಿ. ಮಲಗುವ ಮುಂಚೆ ಸ್ನಾನ ಮಾಡಿ. ಮಾಳಿಗೆ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವ ರೂಢಿ ನಿಮ್ಮ ಕಡೆ ಇದೆಯಲ್ಲ, ಅದನ್ನು ಬಿಡಬೇಡಿ. ನಿಮ್ಮದು ಒಣ ಸೆಕೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. (ಮಂಗಳೂರಿನವರು ಇದನ್ನು ಓದಿ ಕೂಲರ್ ತರಬೇಡಿ. ನಿಮ್ಮ ಗಾಳಿಯಲ್ಲೇ ನೀರಿದೆ.) ನಡೆಯುವುದಿದ್ದರೆ ಬೆಳಿಗ್ಗೆ ಆರಕ್ಕೆ. ಊಟ ಸೇರದಿದ್ದರೆ ಅಂಬಲಿ, ಮಜ್ಜಿಗೆ, ಮೊಸರನ್ನ ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ತಗೊಳ್ಳಿ.

ಟೀಚರ್:
ಮೇಡಂ, ಸಾಯಬೇಕು ಅಂತಿಲ್ಲ. ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ. ಯಾರಿಗೂ ಹೇಳಿಲ್ಲ.

ಮನೋವೈದ್ಯೆ:
ಹೇಳಿದಿರಲ್ಲ, ಒಳ್ಳೆಯದಾಯಿತು. ಹಾಗಾದರೆ ಮಳೆಗೆ ಕಾಯುವಂತಿಲ್ಲ. ಇವತ್ತೇ ಮನೆಯವರಿಗೆ ಹೇಳಿ, ರಾತ್ರಿ ಒಬ್ಬರೇ ಇರಬೇಡಿ. ನಾಳೆಯೇ ಅವರನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಆದರೆ ನೀವು ಮಂಗಳವಾರಕ್ಕೆ ಕಾಯಬೇಡಿ. ಯೋಚನೆ ಜೋರಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಮೆಡಿಕಲ್ ಶಾಪ್‌ನಿಂದ ನೀವಾಗಿಯೇ ನಿದ್ದೆ ಮಾತ್ರೆ ತರಲೇಬೇಡಿ.

ಇನ್ನೊಬ್ಬರು (ಬಳ್ಳಾರಿ):
ಮೇಡಂ, ನಮ್ಮ ಅಣ್ಣ ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ತಗೋತಾನೆ. ದಿನಾ ಹೊಲಕ್ಕೆ ಹೋಗ್ತಾನೆ. ಬಿಸಿಲಿಗೆ ಏನಾದರೂ ತೊಂದರೆಯಾ?

ಮನೋವೈದ್ಯೆ:
ಆಗುತ್ತದೆ, ಕೇಳಿದ್ದು ಒಳ್ಳೆಯದು. ಬೆವರಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವುದು, ಮಾತು ತೊದಲುವುದು ಕಂಡರೆ ಅದು ವಿಷವಾಗುತ್ತಿರುವ ಸೂಚನೆ. ಆಗ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದಂತೆ ತಾವೇ ನಿಲ್ಲಿಸಬಾರದು. ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಲಿ, ಊಟದ ಉಪ್ಪು ದಿಢೀರನೆ ಬಿಡಬಾರದು. ಮೈಕೈ ನೋವಿಗೆ ಡಾಕ್ಟರಿಗೆ ಕೇಳದೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬಾರದು. ಈ ತಿಂಗಳೇ ಒಮ್ಮೆ ಲಿಥಿಯಂ ಮಟ್ಟ ಪರೀಕ್ಷೆ ಮಾಡಿಸಿ.

ಟೀಚರ್ (ಹನ್ನೆರಡು ದಿನದ ನಂತರ):
ಮೇಡಂ, ಹೋಗಿ ಬಂದೆವು. ಥೈರಾಯ್ಡ್ ಸರಿ ಇದೆ. ಮಾತ್ರೆ ಶುರುವಾಗಿದೆ. ಮಾಳಿಗೆ ಮೇಲೆ ನಮ್ಮ ಮನೆಯವರೇ ಹಾಸಿಗೆ ಹಾಸುತ್ತಾರೆ. ನಿನ್ನೆ ಐದು ಗಂಟೆ ನಿದ್ದೆ ಬಂತು. ಮಳೆ ಬಂದ ಮೇಲೆ ಮಾತ್ರೆ ಬಿಡಬಹುದಾ?

ಮನೋವೈದ್ಯೆ:
ಐದು ಗಂಟೆ ಅಂತ ಓದಿ ಖುಷಿಯಾಯಿತು. ಮಳೆ ಬಂದರೂ ನೀವಾಗಿಯೇ ಬಿಡಬೇಡಿ. ಯಾವಾಗ, ಹೇಗೆ ಕಡಿಮೆ ಮಾಡಬೇಕು ಅಂತ ನಿಮ್ಮ ಡಾಕ್ಟರೇ ಹೇಳಲಿ. ಮುಂದಿನ ವರ್ಷ ಶಿವರಾತ್ರಿಗೆ, ಚಳಿ ಶಿವಶಿವಾ ಅಂತ ಹೋಗುವ ಹೊತ್ತಿಗೇ, ಒಮ್ಮೆ ಅವರನ್ನು ಕಂಡು ಬನ್ನಿ. ಸುಣ್ಣವನ್ನೂ ಆಗಲೇ ಬಳಿಸಿ.