ಸಸ್ಯಾಹಾರಿಗಳು ಕ್ರಿಯಾಟಿನ್ ತಗೊಳ್ಳಬಹುದಾ?

ಪ್ರಶ್ನೆ:
ನಮಸ್ಕಾರ. ನನ್ನ ತೂಕ 65 ಕೆಜಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಟ್ರೈನರ್ ಕ್ರಿಯಾಟಿನ್ (ಸ್ನಾಯುಗಳಿಗೆ ಶಕ್ತಿ ಒದಗಿಸಲು ನೆರವಾಗುವ ಅಂಶ, ಪುಡಿಯಾಗಿ ಸಿಗುತ್ತೆ) ತಗೋ ಅಂತಾರೆ, ಅಮ್ಮ ಕಿಡ್ನಿ ಹಾಳಾಗುತ್ತೆ ಅಂತ ಹೆದರುತ್ತಾರೆ. ಏನು ಮಾಡಲಿ?

ಉತ್ತರ 1:
ಊಟದಲ್ಲಿ ಕ್ರಿಯಾಟಿನ್ ಸಿಗುವುದು ಮುಖ್ಯವಾಗಿ ಮಾಂಸ, ಮೀನಿನಿಂದ. ಹಾಗಾಗಿ ನಮ್ಮಂಥವರ ಸ್ನಾಯುಗಳಲ್ಲಿ ಅದು ಕಮ್ಮಿ ಇರುತ್ತೆ, ತಗೊಂಡರೆ ಭಾರ ಎತ್ತುವಾಗ ಉಪಯೋಗ ಆಗುತ್ತೆ. ಕ್ರಿಯಾಟಿನ್ ಮೊನೋಹೈಡ್ರೇಟ್ ಅನ್ನುವ ಸಾಮಾನ್ಯ ಪುಡಿ ಸಾಕು, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಾದರೂ ಸರಿ. ಶುರುವಿನಲ್ಲಿ ತೂಕ ಒಂದೆರಡು ಕೆಜಿ ಏರಿದರೆ ಗಾಬರಿ ಬೇಡ, ಅದು ಸ್ನಾಯು ಹಿಡಿದಿಟ್ಟ ನೀರು.

ಉತ್ತರ 2:
ಆರೋಗ್ಯವಾಗಿರುವವರ ಕಿಡ್ನಿಗೆ ಇಷ್ಟರಿಂದ ಹಾನಿ ಕಂಡುಬಂದಿಲ್ಲ. ಆದರೆ ಮೊದಲೇ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಇನ್ನೊಂದು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕ್ರಿಯಾಟಿನ್‌ನಿಂದ ಆಗುವ ತ್ಯಾಜ್ಯ, ಕಿಡ್ನಿ ಹೇಗಿದೆ ಅಂತ ತಿಳಿಯಲು ಇದನ್ನೇ ನೋಡುತ್ತಾರೆ) ಸ್ವಲ್ಪ ಜಾಸ್ತಿ ಬರಬಹುದು, ಪುಡಿ ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ, ರಿಪೋರ್ಟ್ ನೋಡಿ ಮನೆಯವರೆಲ್ಲ ಒಂದು ವಾರ ನಿದ್ದೆ ಮಾಡಲಿಲ್ಲ.

ಉತ್ತರ 3:
ಅದೆಲ್ಲಾ ಸರಿ, ಮೊದಲು ಊಟ ನೋಡಿ ಅಲ್ವಾ? ಸ್ನಾಯು ಬೆಳೆಸಬೇಕಾದರೆ ನಿಮ್ಮ ತೂಕಕ್ಕೆ ದಿನಕ್ಕೆ 100 ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಮುದ್ದೆ ಒಳ್ಳೆಯದೇ, ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಬರೀ 7 ಗ್ರಾಂ. ಅಷ್ಟೇ ಹುರುಳಿಕಾಳಲ್ಲಿ 20ಕ್ಕಿಂತ ಜಾಸ್ತಿ, ಸೋಯಾ ಚಂಕ್ಸ್‌ನಲ್ಲಿ ಸುಮಾರು 50. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವನ್ನು ಒಂದು ಚಮಚ ಅಲ್ಲ, ಬಟ್ಟಲು ತುಂಬ ಹಾಕಿಸಿಕೊಳ್ಳಿ, ಜೊತೆಗೆ ಗಟ್ಟಿ ಮೊಸರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಾಳೆಯೇ ರಕ್ತಪರೀಕ್ಷೆ ಮಾಡಿಸುತ್ತೇನೆ, ಹುರುಳಿಕಾಳು ಇವತ್ತೇ ನೆನೆಹಾಕುತ್ತೇನೆ.