ಪದಚರ್ಚೆ: ಸೈಕೋಸಿಸ್, ಚಿತ್ತವಿಕಲತೆ, ಸನ್ನಿ

ಆತ್ಮೀಯರೇ,

ಬೇರೆಯವರಿಗೆ ಕೇಳಿಸದ ದನಿ ಕೇಳಿಸುವ, ಅತಿ ಅನುಮಾನ ಕಾಡುವ, ವಾಸ್ತವದ ಗ್ರಹಿಕೆ ತಪ್ಪುವ ಸೈಕೋಸಿಸ್ ಎಂಬ ಸ್ಥಿತಿಗೆ ನಿಮ್ಮ ಕಡೆ ಜನ ಏನೆನ್ನುತ್ತಾರೆ? ನಿಘಂಟಿನ ಪದ ನನ್ನ ಬಳಿ ಇದೆ. ನನಗೆ ಬೇಕಿರುವುದು ಮನೆಯೊಳಗೆ, ಆಸ್ಪತ್ರೆಯ ಸಾಲಿನಲ್ಲಿ, ಆಶಾ ಕಾರ್ಯಕರ್ತೆಯರ ಬಾಯಲ್ಲಿ ಓಡಾಡುವ ಮಾತು. ಅದರಲ್ಲೂ ‘ಸನ್ನಿ’ ಎಂಬ ಪದ ನಿಮ್ಮೂರಿನಲ್ಲಿ ಇನ್ನೂ ಉಳಿದಿದೆಯೇ, ಉಳಿದಿದ್ದರೆ ಯಾವ ಯಾವ ಸ್ಥಿತಿಗೆ ಹೇಳುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ.

ಕಾರಣ ಹೇಳುತ್ತೇನೆ. ಸ್ನಾತಕೋತ್ತರ ಓದು ಮುಗಿಸಿ ಈಗ ಇದೇ ವಿಷಯದಲ್ಲಿ ಸಂಶೋಧನ ಪದವಿಗೆ ಪ್ರಸ್ತಾವ ಸಿದ್ಧಪಡಿಸುತ್ತಿದ್ದೇನೆ. ಮೊದಲ ಲಕ್ಷಣ ಕಾಣಿಸಿಕೊಂಡಾಗಿನಿಂದ ಸರಿಯಾದ ಚಿಕಿತ್ಸೆ ಸಿಗುವವರೆಗೆ ಕುಟುಂಬದವರು ಎಲ್ಲೆಲ್ಲಿ ಅಲೆದರು, ಎಷ್ಟು ಕಾಲ ಕಳೆಯಿತು ಎಂಬುದೇ ನನ್ನ ಪ್ರಶ್ನೆ. ಈ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಸಂಗತಿ. ನಮ್ಮಲ್ಲಿಯೂ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ, ಸೈಕೋಸಿಸ್ ಕಾಣಿಸಿಕೊಳ್ಳುವ ಕಾಯಿಲೆಗಳಲ್ಲೊಂದಾದ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಿನಲ್ಲಿಯೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಜೊತೆಗಿದ್ದು ನೋಡಿಕೊಂಡಿದ್ದಾರೆ. ಅಂಥ ಕೆಲಸಕ್ಕೆ ಇಳಿಯುವವರು ಮೊದಲು ಎಡವುವುದು ಮಾತಿನಲ್ಲಿ. ಅಧ್ಯಯನದಲ್ಲಿ ಪಾಲ್ಗೊಳ್ಳುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆ ಪತ್ರದ ಮೊದಲ ಸಾಲಿನಲ್ಲಿಯೇ ಕಾಯಿಲೆಯ ಹೆಸರು ಬರುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿ ಆ ಸಾಲನ್ನು ಗಟ್ಟಿಯಾಗಿ ಓದುವಂತಿರಬೇಕು.

ಅಚ್ಚಿನಲ್ಲಿ ಹೆಚ್ಚಾಗಿ ಕಾಣುವುದು ‘ಮನೋವಿಕೃತಿ’ ಮತ್ತು ‘ಚಿತ್ತವಿಕಲತೆ’. ಶಾಸ್ತ್ರದಲ್ಲಿ ವಿಕೃತಿ ಎಂದರೆ ಪ್ರಕೃತಿಗೆ ಎದುರುಮಾತು, ಸಹಜ ಸ್ಥಿತಿಯಿಂದ ಬದಲಾದದ್ದು ಎಂದಷ್ಟೇ ಅರ್ಥ. ಆದರೆ ಪತ್ರಿಕೆ ಓದುವವರಿಗೆ ವಿಕೃತ ಎಂದೊಡನೆ ನೆನಪಾಗುವುದು ವಿಕೃತಕಾಮಿ. ಆ ಹೆಸರನ್ನು ಕಾಯಿಲೆ ಬಿದ್ದವರ ಮುಂದಿಡಲು ನನ್ನಿಂದಾಗದು. ಚಿತ್ತವಿಕಲತೆ ಅಷ್ಟು ಕೆಟ್ಟದ್ದಲ್ಲ. ಆದರೂ ಅಂಗವಿಕಲ, ವಿಕಲಚೇತನ ಎಂದು ಕೇಳಿ ಕೇಳಿ ‘ವಿಕಲ’ ಎಂದರೆ ಇನ್ನು ಸರಿಯಾಗದು ಎಂಬ ಭಾವ ಕೂತುಬಿಟ್ಟಿದೆ. ಸೈಕೋಸಿಸ್ ಬಂದು ಹೋಗಬಲ್ಲ ಸ್ಥಿತಿ. ಒಮ್ಮೆ ಮಾತ್ರ ಬಂದು ಪೂರ್ತಿ ವಾಸಿಯಾದವರೂ ಇದ್ದಾರೆ. ವಾಸಿಯಾಗದ ಕೊರತೆ ಎಂದು ಹೆಸರೇ ಸಾರಿದರೆ ಮನೆಯವರು ಮಾತ್ರೆ ಕೊಡಿಸುವ ಮೊದಲೇ ಕೈಚೆಲ್ಲುತ್ತಾರೆ.

ಇಂಗ್ಲಿಷಿನದನ್ನೇ ಕನ್ನಡ ಲಿಪಿಯಲ್ಲಿ ಇಡಬಹುದಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಬೇರೆ ಕಾಯಿಲೆಯಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಡಯಾಬಿಟಿಸ್, ಕ್ಯಾನ್ಸರ್ ಎಲ್ಲ ಹಾಗೆಯೇ ನಮ್ಮವಾದವು. ಇದರ ಪಾಡು ಬೇರೆ. ಸುದ್ದಿವಾಹಿನಿಗಳು ‘ಸೈಕೋ’ ಎಂಬ ತುಂಡನ್ನು ಕೊಲೆಗಾರರ ಬಿರುದು ಮಾಡಿಬಿಟ್ಟಿವೆ. ಗಂಭೀರ ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು ಎಂಬುದು ಗೊತ್ತಿರುವ ಸತ್ಯ. ಆ ಸತ್ಯವನ್ನು ಪದವೇ ಮೊದಲ ಕ್ಷಣದಲ್ಲಿ ಅಳಿಸಿಹಾಕುತ್ತದೆ.

‘ಹುಚ್ಚು’ ಮತ್ತು ‘ಮರುಳು’ ನಮ್ಮವೇ ಪದಗಳು. ಇವುಗಳ ಬಗ್ಗೆ ನನಗೆ ಗೌರವವಿದೆ. ಹಳಗನ್ನಡ ಕಾವ್ಯಗಳ ರಣರಂಗದಲ್ಲಿ ‘ಮರುಳ್’ ಎಂದರೆ ಪಿಶಾಚಿ. ಅದೇ ಪದಕ್ಕೆ ಬುದ್ಧಿ ಕದಡಿದ ಸ್ಥಿತಿ ಎಂಬ ಅರ್ಥವೂ ಇದೆ. ಇವತ್ತು ಅದು ಮೋಸಕ್ಕೂ ಮೋಹಕ್ಕೂ ಸರಿದಿದೆ: ಮರುಳು ಮಾಡುತ್ತಾರೆ, ಮರುಳಾಗುತ್ತಾರೆ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚೇಗೌಡ, ಮರುಳಸಿದ್ದಪ್ಪ ಎಂಬ ಹೆಸರುಗಳನ್ನು ನೋಡಿ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಕೆಟ್ಟ ಕಣ್ಣು ಬೀಳದಿರಲಿ ಎಂದು ತಿಪ್ಪಯ್ಯ ಎಂದು ಕರೆದಂತೆ ಹುಚ್ಚಪ್ಪ ಎಂದೂ ಕರೆದರು. ದೇವರಿಗಾಗಿ ಮನೆಮಾರು ಬಿಟ್ಟವರಿಗೂ ಅದೇ ಪದ ಸಂದಿತು. ಒಂದು ಕಾಲಕ್ಕೆ ಅಂಗಳದಲ್ಲಿ ನಿಂತು ಕೂಗಬಹುದಾಗಿದ್ದ ಹೆಸರು ಅದು. ಈಗ ಬೈಗುಳವಾಗಿ ಗಟ್ಟಿಯಾಗಿದೆ. ಆಸ್ಪತ್ರೆಯ ಕಾಗದಕ್ಕೆ ಅದನ್ನು ಮರಳಿ ತರುವುದು ಸಾಧ್ಯವಿಲ್ಲ.

ಹೀಗೆ ಹುಡುಕುತ್ತಿರುವಾಗ ‘ಬಾಣಂತಿ ಸನ್ನಿ’ ಎದುರಾಯಿತು. ಹೆರಿಗೆಯಾದ ಕೆಲವು ದಿನಗಳಲ್ಲಿ ತಾಯಿಗೆ ನಿದ್ದೆ ಹಾರಿಹೋಗುತ್ತದೆ, ಮಾತು ದಿಕ್ಕು ತಪ್ಪುತ್ತದೆ, ಮಗು ತನ್ನದಲ್ಲ ಎನ್ನುತ್ತಾಳೆ, ಯಾರೋ ಏನೋ ಹೇಳುತ್ತಿದ್ದಾರೆಂದು ಕಿವಿಗೊಡುತ್ತಾಳೆ. ವೈದ್ಯಶಾಸ್ತ್ರ ಇದನ್ನು ಪ್ರಸವಾನಂತರದ ಸೈಕೋಸಿಸ್ ಎನ್ನುತ್ತದೆ. ತುರ್ತಾಗಿ ಚಿಕಿತ್ಸೆ ಬೇಕಾದ ಸ್ಥಿತಿ. ಇಂಥ ತಾಯಂದಿರನ್ನು ಮಗುವಿನಿಂದ ಅಗಲಿಸದೆ ನೋಡಿಕೊಳ್ಳಲು ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ–ಮಗು ಘಟಕವೇ ಆರಂಭವಾಯಿತು. ನಮ್ಮ ಅಜ್ಜಿಯರಿಗೆ ಈ ಸ್ಥಿತಿ ಗೊತ್ತಿತ್ತು, ಅದಕ್ಕೆ ಹೆಸರೂ ಇತ್ತು. ಆ ಹೆಸರಿನ ಗುಣ ಗಮನಿಸಿ. ‘ಅವಳಿಗೆ ಸನ್ನಿ ಆಗಿತ್ತು, ಆಮೇಲೆ ವಾಸಿಯಾಯಿತು’ ಎನ್ನುತ್ತಾರೆ. ‘ಅವಳು ಸನ್ನಿ’ ಎಂದು ಯಾರೂ ಹೇಳುವುದಿಲ್ಲ. ಅದು ಮೈಗೆ ಬರುವಂಥದ್ದು, ಮೈಯಿಂದ ಇಳಿಯುವಂಥದ್ದು. ಆಕೆಯ ನಡತೆಯ ಮೇಲೆ ಅದರ ಕಳಂಕ ಉಳಿಯುವುದಿಲ್ಲ.

ಮೂಲ ಪದ ‘ಸನ್ನಿಪಾತ’. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿದ ಸ್ಥಿತಿಗೆ ಆಯುರ್ವೇದ ಇಟ್ಟ ಹೆಸರು; ಆ ಜ್ವರದಲ್ಲಿ ರೋಗಿ ಬಡಬಡಿಸುತ್ತಾನೆ. ಶ್ರೀಲಂಕಾದಲ್ಲಿ ಹದಿನೆಂಟು ಸನ್ನಿ ಯಕ್ಷರ ಮುಖವಾಡ ಹಾಕಿ ಕುಣಿದು ರೋಗ ಬಿಡಿಸುವ ಆಚರಣೆಯೊಂದಿದೆ, ಅಲ್ಲಿಯೂ ಸನ್ನಿಯೇ. ಉನ್ಮಾದ ಎಂಬುದು ಶಾಸ್ತ್ರದಲ್ಲಿ ಇನ್ನೂ ನೇರವಾದ ಪದ. ಆದರೆ ಇಂದಿನ ಕನ್ನಡದಲ್ಲಿ ಗೆಲುವಿನ ಉನ್ಮಾದ, ಯುದ್ಧೋನ್ಮಾದ ಎಂದು ಬಳಸಿ ಬಳಸಿ ಅದರ ಕಾಯಿಲೆಯ ಅರ್ಥ ಸವೆದಿದೆ.

ಸನ್ನಿಯನ್ನು ಬಾಣಂತಿಯ ಕೋಣೆಯಿಂದ ಆಚೆಗೆ ತರಬಹುದೇ? ನನ್ನ ಅನುಮಾನಗಳನ್ನೂ ಹೇಳುತ್ತೇನೆ. ಜ್ವರ ಏರಿ ಬಡಬಡಿಸುವುದೂ ಸನ್ನಿಯೇ. ಅದು ಡೆಲಿರಿಯಮ್, ಸೈಕೋಸಿಸ್ ಅಲ್ಲ. ‘ಸನ್ನಿ ಹಿಡಿದವರ ಹಾಗೆ ಆಡಬೇಡ’ ಎಂಬ ಗದರಿಕೆಯೂ ಇದೆ. ಸ್ಕಿಜೋಫ್ರೇನಿಯಾದಲ್ಲಿ, ಅತಿ ಉತ್ಸಾಹ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಕೆಲವೊಮ್ಮೆ ಮಾದಕ ವಸ್ತುವಿನಿಂದಲೂ ಸೈಕೋಸಿಸ್ ಬರಬಹುದಾದ್ದರಿಂದ ನನಗೆ ಬೇಕಿರುವುದು ಇವೆಲ್ಲವುಗಳೊಳಗೆ ಹಾದುಹೋಗುವ ಒಂದು ಸ್ಥಿತಿಯ ಹೆಸರು. ಆ ಲೆಕ್ಕದಲ್ಲಿ ಸನ್ನಿ ಹೊಂದುತ್ತದೆ. ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವ ಸ್ಥಿತಿಗೆ, ಥಟ್ಟನೆ ಏರುವ ಸನ್ನಿ ಹೊಂದೀತೇ ಎಂಬುದು ಗೊತ್ತಾಗುತ್ತಿಲ್ಲ.

ಬೇರೆಯವರು ಏನು ಮಾಡಿದರೆಂದು ನೋಡಿದೆ. ಜಪಾನಿನಲ್ಲಿ ಸ್ಕಿಜೋಫ್ರೇನಿಯಾಕ್ಕೆ ‘ಸೀಳಿದ ಮನಸ್ಸಿನ ರೋಗ’ ಎಂಬ ಹೆಸರಿತ್ತು. ನಮ್ಮ ‘ಛಿದ್ರಮನಸ್ಕತೆ’ಯ ಜೋಡಿ. ರೋಗಿಗಳ ಕುಟುಂಬಗಳ ಸಂಘದ ಒತ್ತಾಯದಿಂದ 2002ರಲ್ಲಿ ಅದನ್ನು ಬಿಟ್ಟು, ಒಗ್ಗೂಡುವಿಕೆ ತಪ್ಪಿದ ಸ್ಥಿತಿ ಎಂಬರ್ಥದ ಹೆಸರಿಟ್ಟರು. ಅದಕ್ಕೂ ಮೊದಲು ರೋಗಿಗೆ ಕಾಯಿಲೆಯ ಹೆಸರನ್ನು ಹೇಳುತ್ತಿದ್ದುದು ಶೇಕಡಾ 37ರ ಆಸುಪಾಸು. ಕೆಲವೇ ವರ್ಷಗಳಲ್ಲಿ ಅದು ಶೇಕಡಾ 70ರ ಹತ್ತಿರ ಬಂತು. ವೈದ್ಯರಿಗೂ ಬಾಯಿಗೆ ಬಾರದ ಹೆಸರಾಗಿತ್ತು ಎಂದಾಯಿತು. ಕೊರಿಯಾದವರು ತಂತಿವಾದ್ಯ ಶ್ರುತಿ ಮಾಡುವುದರಿಂದ ಹೆಸರು ಕಟ್ಟಿದರು. ಹಾಂಗ್‌ಕಾಂಗ್‌ನವರು ಸೈಕೋಸಿಸ್‌ಗೇ ಆಲೋಚನೆ ಮತ್ತು ಗ್ರಹಿಕೆಗಳ ಹೊಂದಾಣಿಕೆ ತಪ್ಪುವುದು ಎಂಬ ಪದ ಮಾಡಿಕೊಂಡರು. ಅದೇ ಜಾಡಿನಲ್ಲಿ ನಾನು ‘ಗ್ರಹಿಕೆಯ ಏರುಪೇರು’ ಎಂದು ಬರೆದು ನೋಡಿದ್ದೇನೆ. ಆರೋಗ್ಯದಲ್ಲಿ ಏರುಪೇರು ಎಂದು ಎಲ್ಲರೂ ಹೇಳುತ್ತಾರಾದ್ದರಿಂದ ಇದು ನಾಲಿಗೆಗೆ ಸುಲಭ. ಆದರೆ ಇಷ್ಟು ದೊಡ್ಡ ಸಂಕಟಕ್ಕೆ ತೀರ ಹಗುರವೇನೋ ಎನಿಸುತ್ತದೆ.

ಇದರ ಜೊತೆಗೇ ಇನ್ನೆರಡು ತೊಡಕು. ‘ಇಲ್ಲದ ದನಿ ಕೇಳಿಸುತ್ತದೆಯೇ?’ ಎಂದು ಪ್ರಶ್ನಾವಳಿಯಲ್ಲಿ ಬರೆದರೆ, ಕೇಳಿಸುವವರು ಇಲ್ಲ ಎಂದೇ ಉತ್ತರಿಸುತ್ತಾರೆ. ಅವರ ಪಾಲಿಗೆ ಆ ದನಿ ಇದೆ. ಅದನ್ನು ‘ಬೇರೆಯವರಿಗೆ ಕೇಳಿಸದ ದನಿ ನಿಮಗೆ ಕೇಳಿಸುವುದುಂಟೇ?’ ಎಂದು ತಿದ್ದಿದ್ದೇನೆ. ಇದು ನಿಮ್ಮ ಕಡೆಯ ಕನ್ನಡಕ್ಕೆ ಒಗ್ಗುತ್ತದೆಯೇ? ಇನ್ನೊಂದು, ‘ಪಾಸಿಟಿವ್’ ಮತ್ತು ‘ನೆಗೆಟಿವ್’ ಲಕ್ಷಣಗಳು. ದನಿ ಕೇಳಿಸುವುದು, ಅತಿ ಅನುಮಾನ ಮೊದಲಿನವು; ಮಾತು, ಉತ್ಸಾಹ, ಒಡನಾಟ ಕುಗ್ಗುವುದು ಎರಡನೆಯವು. ‘ಸಕಾರಾತ್ಮಕ ಲಕ್ಷಣ’ ಎಂದು ಬರೆದರೆ ಮನೆಯವರು ಒಳ್ಳೆಯ ಸೂಚನೆ ಎಂದುಕೊಳ್ಳುತ್ತಾರೆ. ‘ಕೂಡಿಕೊಂಡ ಲಕ್ಷಣ, ಕುಂದಿದ ಲಕ್ಷಣ’ ಎಂದರೆ ಹೇಗೆ?

ಬಳ್ಳಾರಿ, ಕಲಬುರಗಿ, ಬೀದರ್ ಕಡೆಯವರು, ಕರಾವಳಿಯವರು, ಕಾಸರಗೋಡು, ಹೊಸೂರಿನ ಕನ್ನಡಿಗರು ತಪ್ಪದೆ ಬರೆಯಿರಿ. ಗಾಳಿ ಸೋಕಿದೆ, ಮಂಕು ಬಡಿದಿದೆ, ತಲೆ ಕೆಟ್ಟಿದೆ ಎಂಬಂಥವು ನನ್ನ ಪಟ್ಟಿಯಲ್ಲಿವೆ, ಅವು ಬೇಡ. ಪದವನ್ನು ಯಾವ ವಯಸ್ಸಿನವರು ಹೇಳುತ್ತಾರೆ, ಕಾಯಿಲೆ ಇರುವವರ ಎದುರಿಗೇ ಹೇಳುತ್ತಾರೋ ಹಿಂದಿನಿಂದ ಹೇಳುತ್ತಾರೋ ಎಂಬುದನ್ನೂ ಸೇರಿಸಿ. ರೋಗಿಗಳ ಹೆಸರು, ಮನೆತನದ ಗುರುತು ಬರೆಯಬೇಡಿ.

ವಂದನೆಗಳು.